ಕಾರ್ಡಿನ ನೆತ್ತಿ

ಬಿಸಿಯಾದ ಯಾವುದನ್ನು ಕಂಡರೂ ಅದರ ನೆತ್ತಿಯನ್ನು ಕೈಯ ಹಿಂಬದಿಯಿಂದ ಮುಟ್ಟಿ ನೋಡುವ ಚಟ ನನಗಿದೆ. ಟಿವಿ, ಮಿಕ್ಸರ್, ಗೋಡೆಗೆ ಹೊಡೆದ ಸ್ಟೆಬಿಲೈಜರ್, ಮೊಬೈಲ್ ಚಾರ್ಜರ್, ಸ್ಟ್ಯಾಂಡಿನಲ್ಲಿ ನಿಂತ ಎಸ್‌ಟಿ ಬಸ್ಸಿನ ಮೂತಿ, ಯಾವುದನ್ನೂ ನಾನು ಬಿಟ್ಟವನಲ್ಲ. ಹೋದ ವಾರ ಬ್ಯಾಂಕಿನ ಸರದಿಯಲ್ಲಿ ನನ್ನ ಮುಂದೆ ನಿಂತಿದ್ದವರು ಫೋನಿನಲ್ಲಿ ಯಾರ ಮೇಲೋ ಕೂಗಾಡುತ್ತಿದ್ದರು. ಅವರ ಬೋಳುತಲೆ ಕೆಂಪಗಾಗಿತ್ತು. ನನ್ನ ಕೈ ಅರ್ಧ ದಾರಿಯವರೆಗೆ ಹೋಗಿ, ಮರ್ಯಾದೆಯ ನೆನಪಾಗಿ ವಾಪಸು ಬಂತು.

ಇದು ಅವ್ವನಿಂದ ಬಂದ ಆಸ್ತಿ. ಅವ್ವನ ವೈದ್ಯಶಾಸ್ತ್ರದಲ್ಲಿ ಒಂದೇ ರೋಗವಿತ್ತು, ಅದು ತಲೆಗೆ ಕಾವು ಏರುವುದು. ಔಷಧವೂ ಒಂದೇ, ಹರಳೆಣ್ಣೆ. ಜ್ವರ ಬಂದರೂ ಹರಳೆಣ್ಣೆ, ಗಣಿತದಲ್ಲಿ ನಪಾಸಾದರೂ ಹರಳೆಣ್ಣೆ, ಪಕ್ಕದ ಮನೆಯವರ ಜೊತೆ ಜಗಳವಾದರೂ ಹರಳೆಣ್ಣೆ. ಜಗಳದ ನಂತರದ ಎಣ್ಣೆಯನ್ನು ತನ್ನ ತಲೆಗೇ ಹಚ್ಚಿಕೊಳ್ಳುತ್ತಿದ್ದಳು ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು.

ಹಚ್ಚುವುದೆಂದರೂ ಅದೇನು ಸಾಧಾರಣವಲ್ಲ. ನಮ್ಮನ್ನು ಮಣೆಯ ಮೇಲೆ ಕೂಡಿಸಿ, ಮೊದಲು ಕೈಯ ಹಿಂಬದಿಯಿಂದ ನೆತ್ತಿ ಮುಟ್ಟಿ ಕಾವು ನೋಡುತ್ತಿದ್ದಳು. ಕಾವು ಇಲ್ಲ ಎಂದು ಅವಳು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ಅಂಗೈ ಗುಳಿಯ ತುಂಬ ಎಣ್ಣೆ ಹಾಕಿಕೊಂಡು ನೆತ್ತಿಯ ಮೇಲೆ ಪಟಪಟ ಬಡಿಯುತ್ತಿದ್ದಳು. ಎಣ್ಣೆ ನೆತ್ತಿಯಿಂದ ಹಣೆಗೆ, ಹಣೆಯಿಂದ ಕಿವಿಗೆ, ಕಿವಿಯ ಹಿಂದಿನಿಂದ ಅಂಗಿಯ ಕಾಲರಿಗೆ ಇಳಿದ ಮೇಲೆಯೇ ಅವಳಿಗೆ ಸಮಾಧಾನ. ಸಾಲೆಯಲ್ಲಿ ಮಾಸ್ತರರು ಒಮ್ಮೆ ನನ್ನ ಕಿವಿ ಹಿಂಡಲು ಹೋದರು. ಕಿವಿ ಜಾರಿತು. ಇನ್ನೊಂದು ಕಿವಿ ಹಿಡಿದರು, ಅದೂ ಜಾರಿತು. ಕೈಯನ್ನು ನನ್ನ ಬೆನ್ನಿಗೇ ಒರೆಸಿ, ಹೋಗಿ ಕೂಡು ಎಂದರು. ಹರಳೆಣ್ಣೆಯ ಉಪಯೋಗವನ್ನು ನಾನು ಕಣ್ಣಾರೆ ಕಂಡದ್ದು ಅಂದು ಮಾತ್ರ.

ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಹೋಗುವ ಬಸ್ಸಿನಲ್ಲಿ ಒಂದು ಸಲ ನಮಗೆ ಡ್ರೈವರ್ ಪಕ್ಕದ ಇಂಜಿನ್ ಮುಚ್ಚಳದ ಹತ್ತಿರ ಜಾಗ ಸಿಕ್ಕಿತ್ತು. ವಳಸಂಗ ದಾಟುವ ಹೊತ್ತಿಗೆ ಮುಚ್ಚಳ ರೊಟ್ಟಿ ಬೇಯುವಷ್ಟು ಕಾದಿತ್ತು. ಅವ್ವ ಅದನ್ನೂ ಕೈಯ ಹಿಂಬದಿಯಿಂದ ಮುಟ್ಟಿ ನೋಡಿದಳು.

"ಡ್ರೈವರ್ ಕಾಕಾ, ಇದಕ್ಕ ಏನರೆ ಹಚ್ಚಬೇಕ್ರಿ," ಅಂದಳು.

"ಹಚ್ತೀವ್ರಿ ಬಾಯಿ, ಡೆಪೋಕ್ಕ ಹ್ವಾದಮ್ಯಾಗ ಹಚ್ತೀವಿ," ಅಂದರು ಅವರು, ರಸ್ತೆಯಿಂದ ಕಣ್ಣು ತೆಗೆಯದೆ. ಅವರ ತಾಯಿಯೂ ಹರಳೆಣ್ಣೆಯವಳೇ ಇರಬೇಕು.

ಇಷ್ಟು ಹಿನ್ನೆಲೆ ಇದ್ದವನು ತೊಂಬತ್ತರ ದಶಕದ ಕೊನೆಗೆ ಅಕ್ಕಲಕೋಟದಲ್ಲಿ ಕಂಪ್ಯೂಟರ್ ಕ್ಲಾಸ್ ತೆಗೆದೆ. ಮಾಳಿಗೆಯ ಮೇಲಿನ ತಗಡಿನ ಪತ್ರಾ ಹೊದಿಸಿದ ಕೋಣೆ, ಒಂದು ಹಳೆಯ ಕಂಪ್ಯೂಟರ್, ನಾಲ್ಕು ಸ್ಟೂಲು. ಕಂಪ್ಯೂಟರನ್ನು ಸೊಲ್ಲಾಪುರದ ಒಬ್ಬ ಗೆಳೆಯ ಕೊಡಿಸಿದ್ದ. ಅದರಲ್ಲಿ ಅವನು ವಿಶೇಷವಾಗಿ ಹೊಗಳಿದ್ದು ಒಂದು ಗ್ರಾಫಿಕ್ಸ್ ಕಾರ್ಡನ್ನು. "ಇದ ಇದ್ರ ಬಣ್ಣ ಭಾರೀ ಬರ್ತಾವಪಾ," ಅಂದಿದ್ದ. ಅಂಗೈಯಗಲದ ಹಸಿರು ಹಲಗೆ. ಅದರ ನಡುವೆ ಒಂದು ಚಿಪ್ಪು, ಚಿಪ್ಪಿನ ತಲೆಯ ಮೇಲೆ ಬಾಚಣಿಗೆಯ ಹಲ್ಲಿನಂಥ ಅಲ್ಯುಮಿನಿಯಮ್ ತುಂಡು. ಕ್ಲಾಸಿಗೆ ಬಂದ ಹುಡುಗರಿಗೆ ಬಣ್ಣ ಬೇಕಾಗಿರಲಿಲ್ಲ, ನೌಕರಿ ಬೇಕಾಗಿತ್ತು. ನನ್ನ ಹತ್ತಿರ ಅದು ಇಲ್ಲವೆಂದು ಗೊತ್ತಾದ ಮೇಲೆ ಒಬ್ಬೊಬ್ಬರಾಗಿ ಬಿಟ್ಟರು. ಸ್ಟೂಲುಗಳು ಖಾಲಿಯಾದವು.

ಖಾಲಿಯಾದ ಸ್ಟೂಲಿನ ಮೇಲೆ ಬಂದು ಕೂತವಳು ನನ್ನ ಅಕ್ಕ ಸುವರ್ಣ.

ಅಕ್ಕ ಆ ವರ್ಷ ಸಂಕ್ರಾಂತಿಗೆಂದು ತವರಿಗೆ ಬಂದವಳು ತಿರುಗಿ ಹೋಗಿರಲಿಲ್ಲ. ಗಂಡ ಕೆಟ್ಟವನೇನಲ್ಲ. ಹೊಡೆಯುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ. ಮಾತಾಡುತ್ತಿರಲಿಲ್ಲ, ಅಷ್ಟೆ. ಮದುವೆಯಾದಾಗಿನಿಂದ ಅವನು ಅಕ್ಕನ ಜೊತೆ ಆಡಿದ ಮಾತನ್ನೆಲ್ಲ ಕೂಡಿಸಿದರೂ ಒಂದು ಪೋಸ್ಟ್ ಕಾರ್ಡು ತುಂಬುತ್ತಿರಲಿಲ್ಲ. ಆ ಮನೆಯಲ್ಲಿ ಉಳಿದವರು ಆಡುತ್ತಿದ್ದುದು ಆಜ್ಞೆಗಳನ್ನು. ಅಕ್ಕ ಚಿಕ್ಕಂದಿನಲ್ಲಿ ಮನೆ ತುಂಬ ಮಾತಾಡುತ್ತಿದ್ದವಳು. ಬಂದವಳು ಸುಮ್ಮನೆ ಗೋಡೆಗೆ ಆತು ಕೂಡುತ್ತಿದ್ದಳು. ಯಾಕೆಂದು ಕೇಳಿದರೆ, "ಏನಿಲ್ಲ" ಅನ್ನುತ್ತಿದ್ದಳು. ನನಗೆ ಅವಳನ್ನು ಆ ಸ್ಥಿತಿಯಲ್ಲಿ ನೋಡಲು ಆಗುತ್ತಿರಲಿಲ್ಲ. ಅವ್ವ ಅವಳ ನೆತ್ತಿ ಮುಟ್ಟಿ, "ತಲಿ ಕಾದದ," ಎಂದು ಘೋಷಿಸಿ ದಿನಾ ಹರಳೆಣ್ಣೆ ಹಚ್ಚತೊಡಗಿದಳು. ಅಕ್ಕ ಬೇಡ ಅನ್ನುತ್ತಲೂ ಇರಲಿಲ್ಲ. ಅದೇ ನಮಗೆ ಹೆದರಿಕೆ ಹುಟ್ಟಿಸಿತು.

ಒಂದು ದಿನ ಮೇಲೆ ಬಂದು ನನ್ನ ಪಕ್ಕ ಕೂತು, ಚಿತ್ರ ಬರೆಯುವ ಪ್ರೋಗ್ರಾಮನ್ನು ನೋಡಿದಳು. ಚಿತ್ರವನ್ನು ದೊಡ್ಡದು ಮಾಡಿದರೆ ಅದು ಚೌಕ ಚೌಕವಾಗಿ ಒಡೆಯುತ್ತದೆ, ಒಂದೊಂದು ಚೌಕಕ್ಕೂ ಬೇರೆ ಬಣ್ಣ ತುಂಬಬಹುದು ಎಂದು ತೋರಿಸಿದೆ.

"ಇದು ಕಸೂತಿನೇ ಅಲ್ಲೇನೋ," ಅಂದಳು. "ಎಳಿ ಎಣಿಸಿ ಹಾಕೋದು."

ಮರುದಿನದಿಂದ ಮೌಸು ನನ್ನ ಕೈಗೆ ಸಿಗಲಿಲ್ಲ. ಅಕ್ಕ ಒಂದೊಂದೇ ಚೌಕ ತುಂಬಿ ಒಂದು ನವಿಲು ಬರೆಯತೊಡಗಿದಳು. ಸೊಲ್ಲಾಪುರದಲ್ಲಿ ಚಾದರಿನ ನಕ್ಷೆಯನ್ನು ಚೌಕದ ಕಾಗದದ ಮೇಲೆ ಕೈಯಿಂದ ಬರೆಯುತ್ತಿದ್ದರು. ಒಂದೊಂದು ಚೌಕ ಮಗ್ಗದ ಒಂದೊಂದು ಎಳೆಯ ಲೆಕ್ಕ. ಆಗಷ್ಟೇ ಕೆಲವು ಕಾರ್ಖಾನೆಯವರು ಕಂಪ್ಯೂಟರಿನ ಕಡೆ ನೋಡತೊಡಗಿದ್ದರು. ಅಂಥ ಒಬ್ಬ ಶೇಟರು ಅಪ್ಪನ ಪರಿಚಯದವರು, ಅಕ್ಕಲಕೋಟದ ಸ್ವಾಮಿಗಳ ಭಕ್ತರು. ಸಾಧ್ಯವಾದ ಗುರುವಾರವೆಲ್ಲ ದರ್ಶನಕ್ಕೆ ಬರುತ್ತಿದ್ದರು. ತಾಲೂಕು ಕಚೇರಿಯಲ್ಲಿ ಕಾರಕೂನರಾಗಿದ್ದ ಅಪ್ಪ ಒಮ್ಮೆ ಗುಡಿಯ ಹತ್ತಿರ ಅವರಿಗೆ ಮನೆಯಲ್ಲಿ ತಯಾರಾಗುತ್ತಿದ್ದ ಈ ನವಿಲಿನ ವಿಷಯ ಹೇಳಿದರು. "ಬರೋ ಗುರುವಾರ ದರ್ಶನಾ ಮುಗಿಸಿ ಮನೀಗಿ ಬರ್ತೀನಿ. ನವಿಲು ತೋರಸ್ರಿ. ಪಸಂದ್ ಬಂದ್ರ ಕಾರ್ಖಾನಿದಾಗ ಕೆಲಸ," ಅಂದಿದ್ದರು ಶೇಟರು.

ಅದೇ ವಾರ ಅಕ್ಕನ ಗಂಡನ ಮನೆಯಿಂದಲೂ ನಿರೋಪ ಬಂತು. ಗಂಡನ ಅಣ್ಣ ಶುಕ್ರವಾರ ಬರುತ್ತಾರೆ, ಅಕ್ಕನನ್ನು ತಯಾರು ಮಾಡಿ ಇಡಬೇಕು.

ಅಪ್ಪ ನಿರೋಪ ಕೇಳಿ, "ನೋಡೋಣು," ಅಂದರು. ಕಚೇರಿಯಲ್ಲಿ ಇಡೀ ಆಯುಷ್ಯ ಅವರು ಯಾವ ಅರ್ಜಿಗೂ ಆಗುತ್ತದೆ ಎಂದವರಲ್ಲ, ಆಗುವುದಿಲ್ಲ ಎಂದವರೂ ಅಲ್ಲ. ಗುರುವಾರ ಕೆಲಸ ಸಿಕ್ಕರೆ ಶುಕ್ರವಾರ ಹೇಳಲು ಒಂದು ಮಾತಿರುತ್ತದೆ. ಸಿಗದಿದ್ದರೆ ಅಕ್ಕ ಟ್ರಂಕು ಹಿಡಿದು ಹೋಗುತ್ತಾಳೆ, ಮತ್ತೆ ಸುಮ್ಮನಾಗುತ್ತಾಳೆ. ಇದನ್ನು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಆಡಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಇಂಥ ಹೊತ್ತಿಗೆ ನವಿಲಿಗೆ ಗೊಬ್ಬರ, ಅಂದರೆ ದಡಾರ, ಎದ್ದಿತು.

ಬೇಸಿಗೆ. ಮೇಲೆ ಪತ್ರಾ. ಕಂಪ್ಯೂಟರ್ ಹಚ್ಚಿದ ಅರ್ಧ ತಾಸಿಗೆ ಪರದೆಯ ಮೇಲೆ ಹಸಿರು ಚುಕ್ಕೆಗಳು ಏಳುತ್ತಿದ್ದವು. ಮೊದಲು ನವಿಲಿನ ಕುತ್ತಿಗೆಗೆ, ಆಮೇಲೆ ಮೈ ತುಂಬ. ಇನ್ನಷ್ಟು ಹೊತ್ತು ಬಿಟ್ಟರೆ ನವಿಲು ಅಡ್ಡಡ್ಡ ಸೀಳಿ, ತಲೆ ಒಂದು ಕಡೆ, ಗರಿ ಒಂದು ಕಡೆ ಆಗಿ ಎಲ್ಲವೂ ನಿಂತುಬಿಡುತ್ತಿತ್ತು. ನಾನು ಡಬ್ಬಿ ಬಿಚ್ಚಿ ಕಾರ್ಡಿನ ನೆತ್ತಿ ಮುಟ್ಟಿ ನೋಡಿದೆ. ಬೆರಳು ಚುರ್ ಎಂದಿತು. ಅವ್ವನೂ ಮೇಲೆ ಹತ್ತಿ ಬಂದು, ಕೈಯ ಹಿಂಬದಿಯಿಂದ ಮುಟ್ಟಿದಳು.

"ಭಾಳ ಕಾದದ," ಅಂದಳು. "ಎಣ್ಣಿ ತರ್ಲೇನು?"

"ಯವ್ವಾ, ಇದಕ್ಕ ಎಣ್ಣಿ ನಡ್ಯಾಂಗಿಲ್ಲ."

"ನಿನಗೂ ನಡ್ಯಾಂಗಿಲ್ಲ ಅಂತಿದ್ದಿ, ಸಣ್ಣಾಂವ ಇದ್ದಾಗ," ಎಂದು, ಎಣ್ಣೆಯ ಬದಲು ನೀರು ತುಂಬಿದ ಮಣ್ಣಿನ ಗಡಿಗೆಯೊಂದನ್ನು ತಂದು ಕಂಪ್ಯೂಟರಿನ ಪಕ್ಕ ಇಟ್ಟಳು. ಅದರಿಂದ ಕಂಪ್ಯೂಟರ್ ತಂಪಾಗಲಿಲ್ಲ, ನನಗೆ ಕುಡಿಯಲು ನೀರಾಯಿತು.

ತೊಂದರೆ ಏನೆಂಬುದು ನನಗೆ ಒಂದು ಕಂಪ್ಯೂಟರ್ ಮಾಸಿಕದಿಂದ ತಿಳಿಯಿತು. ಚಿಪ್ಪಿನ ತಲೆಯೂ ಅದರ ಮೇಲಿನ ಅಲ್ಯುಮಿನಿಯಮ್ ತುಂಡೂ ಕಣ್ಣಿಗೆ ಸಪಾಟಾಗಿ ಕಂಡರೂ ನಡುವೆ ಸಣ್ಣ ಸಣ್ಣ ತಗ್ಗುಗಳಿರುತ್ತವೆ. ಆ ತಗ್ಗಿನಲ್ಲಿ ಗಾಳಿ ಕೂತು ಕಾವನ್ನು ಮೇಲೆ ಹೋಗಗೊಡುವುದಿಲ್ಲ. ಅದಕ್ಕೆ ನಡುವೆ ಒಂದು ಬಿಳಿಯ ಪೇಸ್ಟು ಹಚ್ಚಿರುತ್ತಾರೆ. ನಮ್ಮ ಕಾರ್ಡಿನದು ಒಣಗಿ ಸುಣ್ಣದ ಹಕ್ಕಳೆಯಂತೆ ಆಗಿತ್ತು. ಹೊಸದು ಹಚ್ಚಬೇಕು. ಗಾಳಿ ಆಡಿದರೆ ತಂಪು ಎಂದು ನಂಬಿ ಮೂರು ದಿನ ಅದರ ಮುಂದೆ ಟೇಬಲ್ ಫ್ಯಾನ್ ತಿರುಗಿಸಿದವನಿಗೆ ಈ ಜ್ಞಾನ ಸ್ವಲ್ಪ ಅವಮಾನಕರವಾಗಿತ್ತು.

ಮಂಗಳವಾರ ಸೊಲ್ಲಾಪುರಕ್ಕೆ ಹೋದೆ. ರೇಡಿಯೋ ಸಾಮಾನಿನ ಅಂಗಡಿಯವನು ಕಿರುಬೆರಳಿನಷ್ಟು ಟ್ಯೂಬು ಕೊಟ್ಟ. "ಥೋಡಂಸಂ ಲಾವಾ, ಭಾವೂ," ಅಂದ, ಸ್ವಲ್ಪವೇ ಹಚ್ಚಿ ಎಂದು. ನಾನು ತಲೆ ಆಡಿಸಿದೆ. ಸ್ವಲ್ಪ ಎಂಬುದಕ್ಕೆ ಒಂದೊಂದು ಮನೆಯಲ್ಲಿ ಒಂದೊಂದು ಅಳತೆ ಇರುತ್ತದೆಂದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಬುಧವಾರ ಮಧ್ಯಾಹ್ನ ಕೆಲಸಕ್ಕೆ ಕೂತೆ. ಮಾಸಿಕದಲ್ಲಿ ಹೇಳಿದ ಎಲ್ಲ ಎಚ್ಚರಿಕೆಯನ್ನೂ ಪಾಲಿಸಿದೆ, ಇದನ್ನು ಓದುಗರು ನಂಬಬೇಕು. ಬಟನ್ ಆರಿಸಿದ್ದಷ್ಟೇ ಅಲ್ಲ, ಪಿನ್ನನ್ನೂ ಗೋಡೆಯಿಂದ ಕಿತ್ತೆ. ಕಾರ್ಡು ತಣ್ಣಗಾಗುವವರೆಗೆ ಕಾದೆ. ಮೈಯಲ್ಲಿ ವಿದ್ಯುತ್ತು ಕೂತಿರುತ್ತದೆ, ಅದರ ಒಂದು ಕಿಡಿಗೆ ಚಿಪ್ಪು ಸಾಯಬಹುದು ಎಂದಿದ್ದರು. ಆದ್ದರಿಂದ ಟೆರಿಲೀನ್ ಅಂಗಿ ಕಳಚಿ, ಬನಿಯನ್ನಿನಲ್ಲಿ ಕೂತು, ಮೊದಲು ಡಬ್ಬಿಯ ಕಬ್ಬಿಣ ಮುಟ್ಟಿದೆ. ಕಾರ್ಡನ್ನು ಅಂಚಿನಲ್ಲಷ್ಟೇ ಹಿಡಿದು ಎತ್ತಿದೆ. ಪಕ್ಕದ ದವಾಖಾನೆಯ ಕಂಪೌಂಡರ್ ಕಾಕಾ ಕೊಟ್ಟ ಸ್ಪಿರಿಟ್ಟಿನಿಂದ ಹಳೆಯ ಹಕ್ಕಳೆ ಒರೆಸಿದೆ. ಚಿಪ್ಪಿನ ನೆತ್ತಿ ಕನ್ನಡಿಯಂತೆ ಹೊಳೆಯಿತು. ಅಲ್ಲಿಯವರೆಗೆ ನನ್ನಂಥ ಜಾಗ್ರತೆಯ ಮನುಷ್ಯ ಇಡೀ ತಾಲೂಕಿನಲ್ಲಿ ಇರಲಿಲ್ಲ.

ಆಮೇಲೆ ಟ್ಯೂಬು ಬಿಚ್ಚಿ ಸ್ವಲ್ಪ ಹಚ್ಚಿದೆ.

ನಮ್ಮ ಮನೆಯಲ್ಲಿ ಸ್ವಲ್ಪ ತುಪ್ಪ ಅಂದರೆ ಹೋಳಿಗೆ ಮುಳುಗಬೇಕು. ಸ್ವಲ್ಪ ಎಣ್ಣೆ ಅಂದರೆ ಕಾಲರಿನವರೆಗೆ ಇಳಿಯಬೇಕು. ಕೈ ಯಾವ ಮನೆಯಲ್ಲಿ ಬೆಳೆದಿದೆಯೋ ಅದೇ ಮನೆಯ ಅಳತೆಯಲ್ಲಿ ಹಚ್ಚಿತು. ಅದರಲ್ಲೂ ಕಾವು ಅಷ್ಟಿತ್ತು, ಔಷಧವೂ ಅಷ್ಟೇ ಇರಬೇಕಲ್ಲ. ಟ್ಯೂಬಿನ ಬುಡ ಹಿಂಡಿ, ಸುರುಳಿ ಸುತ್ತಿ, ಕೊನೆಯ ಹನಿಯವರೆಗೆ ಚಿಪ್ಪಿನ ಮೇಲೆ ಸುರಿದು, ಮೇಲೆ ಅಲ್ಯುಮಿನಿಯಮ್ ತುಂಡಿಟ್ಟು ಗಟ್ಟಿಯಾಗಿ ಒತ್ತಿದೆ. ಪೇಸ್ಟು ನಾಲ್ಕೂ ಕಡೆಯಿಂದ ಉಕ್ಕಿ ಬಂತು. ಹಣೆಗೆ ಇಳಿಯಿತು, ಕಿವಿಗೆ ಇಳಿಯಿತು. ನನಗೆ ಸಮಾಧಾನವಾಯಿತು. ಅದೇ ಕೈಯಿಂದ ಕಾರ್ಡು ಹಿಡಿದು, ಅದರ ಬಂಗಾರಬಣ್ಣದ ಹಲ್ಲುಗಳಿಗೂ ಅಷ್ಟಿಷ್ಟು ಮೆತ್ತಿ, ಕಂಪ್ಯೂಟರಿನ ಸೀಳಿಗೆ ಸೇರಿಸಿದೆ.

ಬಟನ್ ಒತ್ತಿದರೆ ಕಂಪ್ಯೂಟರ್ ಕೀ ಎಂದು ಅತ್ತಿತು. ಪರದೆ ಕಪ್ಪು. ಈಗ ಚುಕ್ಕೆಯೂ ಇಲ್ಲ, ನವಿಲೂ ಇಲ್ಲ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಇಳಿದು ಹೋಗಿ ಗೋಡೆಗೆ ಆತು ಕೂತಳು. ಅಂದು ಸಂಜೆ ಅವಳ ಟ್ರಂಕು ಮಂಚದ ಕೆಳಗಿನಿಂದ ಹೊರಗೆ ಬಂದದ್ದನ್ನು ಕಂಡೆ. ಯಾರು ತೆಗೆದರೆಂದು ಕೇಳುವ ಧೈರ್ಯವಾಗಲಿಲ್ಲ. ಅಕ್ಕ ನನ್ನನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಗುರುವಾರ ಬೆಳಿಗ್ಗೆ ನಾನು ಕಾರ್ಡು ಬಿಚ್ಚಿ, ಸ್ಪಿರಿಟ್ಟು ಹಚ್ಚಿದ ಬಟ್ಟೆಯಿಂದ ಎಲ್ಲವನ್ನೂ ಒರೆಸಲು ಹೊರಟೆ. ಹೊಸ ಟ್ಯೂಬು ತರಲು ಸೊಲ್ಲಾಪುರಕ್ಕೆ ಹೋಗಿ ಬರುವಷ್ಟರಲ್ಲಿ ಶೇಟರು ಬಂದು ಹೋಗಿರುತ್ತಿದ್ದರು. ಪೇಸ್ಟಿಲ್ಲದೆ ಕಂಪ್ಯೂಟರ್ ಚಾಲೂ ಮಾಡಿದರೆ ಚಿಪ್ಪು ಸುಟ್ಟೇ ಹೋಗುತ್ತದೆಂದು ಮಾಸಿಕದಲ್ಲಿ ದಪ್ಪ ಅಕ್ಷರದಲ್ಲಿತ್ತು. ಬಟ್ಟೆ ಇನ್ನೇನು ಕಾರ್ಡಿಗೆ ತಾಗಬೇಕು, ಅಕ್ಕ ನನ್ನ ಕೈ ಹಿಡಿದಳು.

"ಮಲ್ಲ್ಯಾ, ಒರಸಬ್ಯಾಡ. ತಡಿ."

ಒಂದು ಕಡ್ಡಿಪೆಟ್ಟಿಗೆ ತಂದಳು. ಕಡ್ಡಿಯ ತುದಿಯಿಂದ, ಚಿಪ್ಪಿನ ಅಂಚಿಗೆ ಉಕ್ಕಿ ನಿಂತಿದ್ದ ಸ್ವಚ್ಛ ಪೇಸ್ಟನ್ನು ಕೆರೆದು ಒಂದು ಚಮಚೆಗೆ ಹಾಕಿದಳು. ಆಮೇಲೆ, "ಈಗ ಒರಸು," ಅಂದಳು. ನಾನು ಚಿಪ್ಪನ್ನೂ ಅಲ್ಯುಮಿನಿಯಮ್ಮನ್ನೂ ಒರೆಸಿದೆ. ಪೇಸ್ಟು ಮೆತ್ತಿ ಸಂಪರ್ಕ ತಪ್ಪಿದ್ದ ಕಾರ್ಡಿನ ಹಲ್ಲುಗಳನ್ನು ಅವಳು ಪೆನ್ಸಿಲ್ಲಿನ ರಬ್ಬರಿನಿಂದ ತಿಕ್ಕಿ, ಪುಡಿಯನ್ನು ಊದದೆ ಬ್ರಶ್ಶಿನಿಂದ ಜಾಡಿಸಿದಳು. ಊದಿದರೆ ಉಗುಳು ಸಿಡಿಯುತ್ತದೆ ಎಂದು ಅವಳೂ ಮಾಸಿಕ ಓದಿದ್ದಳು. ಓದಿದ್ದು ನನಗೆ ಗೊತ್ತಿರಲಿಲ್ಲ.

ಚಮಚೆಯಲ್ಲಿ ಇದ್ದದ್ದನ್ನು ಕಂಡು, "ಇಷ್ಟಕ್ಕ ಆಗ್ತದೇನ?" ಅಂದೆ.

"ಇದು ಅವ್ವನ ಎಣ್ಣಿ ಅಲ್ಲೋ," ಅಂದಳು. ಕಡ್ಡಿಯ ತುದಿಯಿಂದ ಚಮಚೆಯಲ್ಲಿದ್ದುದರಲ್ಲೂ ಒಂದಿಷ್ಟನ್ನೇ ಎತ್ತಿ, ಚಿಪ್ಪಿನ ನಟ್ಟನಡುವೆ ಕುಂಕುಮದ ಬೊಟ್ಟಿನಷ್ಟು ಇಟ್ಟಳು. "ನೀ ಹರಡಬ್ಯಾಡ. ಮ್ಯಾಲಿಂದು ಒತ್ತಿದ್ರ ತಾನ ಹರಡ್ತದ." ಮೇಲಿನ ತುಂಡನ್ನು ನೇರವಾಗಿ ಇಳಿಸಿ, ನಾಲ್ಕೂ ಮೂಲೆಗೆ ಸಮನಾಗಿ ಒತ್ತಿ, ಕ್ಲಿಪ್ಪು ಹಾಕಿದಳು. ಯಾವ ಕಡೆಯಿಂದಲೂ ಏನೂ ಉಕ್ಕಲಿಲ್ಲ. ಅವಳು ತವರಿಗೆ ಬಂದ ಮೇಲೆ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ನಾನು ಕಾರ್ಡು ನೋಡಲಿಲ್ಲ, ಅಕ್ಕನ ಮುಖ ನೋಡಿದೆ.

ಪರದೆ ಹತ್ತಿತು. ನವಿಲು ಬಂತು.

ಶೇಟರು ಮಧ್ಯಾಹ್ನ ಹಣೆಗೆ ಗಂಧ ಹಚ್ಚಿಕೊಂಡು, ಕೈಯಲ್ಲಿ ಪ್ರಸಾದದ ಪೊಟ್ಟಣ ಹಿಡಿದು ಬಂದರು. ಹತ್ತು ನಿಮಿಷದಲ್ಲಿ ನೋಡಿ ಹೋಗಲಿ, ಚುಕ್ಕೆ ಏಳುವುದರೊಳಗೆ ಮುಗಿದುಹೋಗಲಿ ಎಂದು ನನ್ನ ಲೆಕ್ಕ. ಅವರು ಆರಾಮಾಗಿ ಸ್ಟೂಲು ಎಳೆದುಕೊಂಡು ಕೂತರು. ಗಡಿಗೆಯ ನೀರು ಕುಡಿದರು. ಕುತ್ತಿಗೆಯ ನೀಲಿ ಇನ್ನೂ ಗಾಢ ಮಾಡಿ ತೋರಿಸಲು ಹೇಳಿದರು. ತೋರಿಸಿದರೆ, ಮೊದಲಿನದೇ ಇರಲಿ ಅಂದರು. ಅಂಚಿಗೆ ಮಾವಿನಕಾಯಿ ಹಾಕಿಸಿದರು, ತೆಗೆಸಿದರು. ಅವ್ವ ಕೆಳಗಿನಿಂದ ಉಪ್ಪಿಟ್ಟು ಕಳಿಸಿದಳು, ಅದನ್ನು ನಿಧಾನವಾಗಿ ತಿಂದರು. ಪತ್ರಾ ಟಣ್ ಟಣ್ ಎಂದು ಹಿಗ್ಗುತ್ತಿತ್ತು. ನಾನು ಕಂಪ್ಯೂಟರಿನ ಡಬ್ಬಿಯ ಮೇಲೆ ಕೈಯ ಹಿಂಬದಿ ಇಟ್ಟು ನಿಂತಿದ್ದೆ. ಅರ್ಧ ತಾಸು ಯಾವಾಗಲೋ ದಾಟಿತ್ತು. ನವಿಲಿನ ಕುತ್ತಿಗೆ ಸ್ವಚ್ಛವಾಗಿಯೇ ಇತ್ತು.

ಕೊನೆಗೆ ಶೇಟರು ಕೈ ಒರೆಸಿಕೊಂಡು ನನ್ನ ಕಡೆ ತಿರುಗಿ, "ಛಾನ್ ಆಹೆ. ಹೇ ಕೋಣೀ ಕಾಢಲಂ?" ಎಂದು ಕೇಳಿದರು. ಚೆನ್ನಾಗಿದೆ, ಇದನ್ನು ಬರೆದದ್ದು ಯಾರು ಎಂದು. ನಾನು ಬಾಯಿ ತೆಗೆದೆ. ಬಾಗಿಲಲ್ಲಿದ್ದ ಅಪ್ಪನೂ ಗಂಟಲು ಸರಿ ಮಾಡಿಕೊಂಡರು. ಇಬ್ಬರಿಗಿಂತ ಮೊದಲೇ ಅಕ್ಕ ಎದ್ದು ನಿಂತು, "ಮೀ ಕಾಢಲಂ," ಅಂದಳು. ನಾನು ಬರೆದದ್ದು.

"ಮಗ ಸೋಮವಾರಿ ಯಾ," ಅಂದರು ಶೇಟರು. ಹಾಗಾದರೆ ಸೋಮವಾರ ಬಾ ಎಂದು. ಪ್ರಸಾದದ ಪೊಟ್ಟಣವನ್ನು ಅವಳ ಕೈಗೇ ಕೊಟ್ಟರು.

ಶುಕ್ರವಾರ ಅಕ್ಕನ ಗಂಡನ ಅಣ್ಣ ಬಂದರು. ಚಹಾ ಕುಡಿದರು, ಮಂಚದ ಪಕ್ಕದ ಟ್ರಂಕು ಕಂಡು ಸಂತೋಷಪಟ್ಟರು. "ತಯ್ಯಾರ ಆಗ್ಯಾಳಲ್ರಿ?" ಎಂದು ಕೇಳಿದರು. ಅಪ್ಪ ಕಪ್ಪು ಕೆಳಗಿಟ್ಟರು. ಅವರ ಎಂದಿನ "ನೋಡೋಣು" ಎಂಬ ಮಾತಿಗಾಗಿ ನಾನು ಕಾದೆ.

"ಸೋಮವಾರದಿಂದ ಆಕಿಗಿ ಡ್ಯೂಟಿ ಅದರಿ," ಅಂದರು ಅಪ್ಪ. "ದಿನಾ ಸೊಲ್ಲಾಪುರಕ್ಕ ಹೋಗಿ ಬರಬೇಕು. ಬರಾಕ ಆಗಂಗಿಲ್ಲ."

ಆಗುವುದಿಲ್ಲ ಎಂಬ ಮಾತನ್ನು ಅಪ್ಪನ ಬಾಯಿಂದ ನಾನು ಕೇಳಿದ್ದು ಅಂದೇ. ಅದನ್ನು ಹೇಳಿ ಅವರು ಬೆವರಿದರು. ಬಂದವರು ಇನ್ನೊಂದು ಕಪ್ಪು ಚಹಾ ಕುಡಿದು, ಬಸ್ಸಿನ ಹೊತ್ತಾಯಿತೆಂದು ಎದ್ದರು.

ಸಂಜೆ ಅವ್ವ ಎಂದಿನಂತೆ ಮಣೆ ಹಾಕಿ, ಹರಳೆಣ್ಣೆಯ ಬಾಟಲಿ ಹಿಡಿದು ಅಕ್ಕನನ್ನು ಕರೆದಳು. ಅಕ್ಕ ಬಂದು ಕೂತಳು. ಯಾವ ಬಸ್ಸಿಗೆ ಹೋಗಬೇಕು, ಯಾವ ಸೀರೆ ಉಡಬೇಕು, ಮುಂದಿನ ಚಾದರಿಗೆ ಗಿಳಿ ಹಾಕಬೇಕೋ ಆನೆ ಹಾಕಬೇಕೋ ಎಂದು ಒಂದೇ ಸಮನೆ ಮಾತಾಡುತ್ತಿದ್ದಳು. ಅವ್ವ ಅಂಗೈ ತುಂಬ ಎಣ್ಣೆ ಹಾಕಿಕೊಂಡು, ಇನ್ನೊಂದು ಕೈಯ ಹಿಂಬದಿಯಿಂದ ಅವಳ ನೆತ್ತಿ ಮುಟ್ಟಿದಳು. ಮತ್ತೊಮ್ಮೆ ಮುಟ್ಟಿದಳು.

"ತಂಪ ಅದ," ಅಂದಳು. ಅವಳ ಕಣ್ಣು ತುಂಬಿದ್ದವು. "ಏಳು, ಹೋಗು."

ಅಕ್ಕ ಎದ್ದಳು. ಅಂಗೈಯ ಎಣ್ಣೆಯನ್ನು ಬಾಟಲಿಗೆ ತಿರುಗಿ ಹಾಕುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಅವ್ವ ಸುತ್ತ ನೋಡಿದಳು. ನಾನೇ ಹೋಗಿ ಮಣೆಯ ಮೇಲೆ ಕೂತೆ. ನನ್ನ ನೆತ್ತಿ ಮುಟ್ಟಿ ನೋಡದೆಯೇ ಸುರಿದಳು, ಕಾಲರಿನವರೆಗೆ ಇಳಿಯಿತು.